ಕಾಯುವವನ ನಿಷ್ಠೆ

ಅರಸನು ಪ್ರಜೆಗಳನ್ನು ಕಾಯತಕ್ಕವನೆಂಬುದು ಎಲ್ಲ ದೇಶಗಳ ನೀತಿವಿದರೂ ಒಪ್ಪಿದ ಮಾತು. ಆದರೆ ಆ ಅರಸನನ್ನೂ ಕಾಯುವವರು ಬೇಕಷ್ಟೆ. ಶಾಸನಕ್ಕೆ ತಲೆಬಾಗಿ ನಡೆಯುವ ಪ್ರಭುವಿಗೆ ಬಾಗಿಲ ಕಾವಲಿನವರು ನಾಲ್ವರಿದ್ದರೆ ಸಾಕಾದೀತು. ತನ್ನ ಇಚ್ಛೆಯೇ ಶಾಸನವೆಂದು ಆಳುವವನಿಗಾದರೋ ಅಷ್ಟರಿಂದ ಸಾಲದು. ಅವನಿಗೆ ಒಂದು ಪಡೆಯೇ ಬೇಕು. ಅದು ಉಳಿದ ಸೈನ್ಯಕ್ಕಿಂತ ಹೆಚ್ಚು ಸಂಬಳದ್ದಾಗಿ, ಹೆಚ್ಚು ಮರ್ಯಾದೆಯದಾಗಿ, ಅವನೊಬ್ಬನಿಗೇ ಕಟ್ಟುಬಿದ್ದಿರಬೇಕು. ಇಂಥ ಪಡೆಯ ನಿಷ್ಠೆ ಯಾರಿಗೆ ಸಲ್ಲತಕ್ಕದ್ದು? ಬೇಲಿಯೇ ಎದ್ದು ಹೊಲ ಮೇಯುವ ಕಾಲ ಬಂದಾಗ ತಪ್ಪು ಬೇಲಿಯದೊ, ಅದನ್ನು ಹಾಕಿದವನದೊ? ಈ ಪ್ರಶ್ನೆಯನ್ನು ಪುರಾತನ ರೋಮಿನ ಚರಿತ್ರೆಯನ್ನು ಮುಂದಿಟ್ಟುಕೊಂಡು ವಿಚಾರಮಾಡಬಹುದು.

ರೋಮಿನಲ್ಲಿ ಪ್ರಜಾಪ್ರಭುತ್ವವು ಹೆಸರಿಗೆ ಮಾತ್ರ ಉಳಿದು, ಅಧಿಕಾರವೆಲ್ಲ ಅಗಸ್ಟಸನ ಕೈಸೇರಿದಾಗ ಅವನು ಪ್ರಿಟೋರಿಯನ್ ಎಂಬ ಅಂಗರಕ್ಷಕ ಪಡೆಯನ್ನು ಸ್ಥಿರವಾಗಿ ನೆಲೆಗೊಳಿಸಿದನು. ಅದರಲ್ಲಿ ಒಂಬತ್ತು ತುಕಡಿಗಳಿದ್ದುವು. ಗಡಿಯ ಸೈನಿಕನು ಇಪ್ಪತ್ತು ವರ್ಷ ದುಡಿಯಬೇಕಾಗಿದ್ದರೆ ಇವರಿಗೆ ಹದಿನಾರೇ ವರ್ಷ. ಸಂಬಳವಾದರೋ ಅವನದಕ್ಕಿಂತ ಬಹಳ ಹೆಚ್ಚು. ಕ್ರಿ.ಶ. ೧೪ರಲ್ಲಿ ಡಾನ್ಯೂಬ್ ಪ್ರಾಂತದ ಸೈನಿಕರು ದಂಗೆಯೆದ್ದಾಗ, ಶತ್ರುವನ್ನು ಕಣ್ಣಾರೆ ಕಾಣುವ ತಮಗಿಲ್ಲದ ಭಾಗ್ಯವು ನಗರದಲ್ಲಿರುವ ಇವರಿಗೇಕೆಂದು ಗೊಣಗಿದುದನ್ನು ಇತಿಹಾಸಕಾರ ಟ್ಯಾಸಿಟಸನು ಬರೆದಿಟ್ಟಿದ್ದಾನೆ. ಅಗಸ್ಟಸನು ಜಾಣ. ಮೂರು ತುಕಡಿಗಳನ್ನು ಮಾತ್ರ ರಾಜಧಾನಿಯಲ್ಲಿ, ಅದೂ ಒಂದೇ ಪಾಳೆಯದಲ್ಲಿ ಕೂಡಿಸದೆ, ಇರಿಸಿಕೊಂಡನು. ಉಳಿದವನ್ನು ನೆರೆಯ ಊರುಗಳಲ್ಲಿ ಹಂಚಿದನು. ಕ್ರಿ.ಪೂ. ೨ರಲ್ಲಿ ದಳಪತಿಗಳನ್ನು ನೇಮಿಸುವಾಗಲೂ ಒಬ್ಬನನ್ನಲ್ಲ, ಇಬ್ಬರನ್ನು ನೇಮಿಸಿದನು. ತಾನು ಸಾಕಿದುದನ್ನು ತಾನೇ ಅಂಜಿ ಸಾಕಿದನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅವರ ಕರ್ತವ್ಯಗಳು ಹಲವು. ಪ್ರತಿ ರಾತ್ರಿಯೂ ಒಂದು ತುಕಡಿ ಅರಮನೆಯಲ್ಲಿ ಪಹರೆಯಿರಬೇಕು. ಅದರ ಅಧಿಕಾರಿಯು ಚಕ್ರವರ್ತಿಯ ಬಾಯಿಂದಲೇ ಅಂದಿನ ಸಂಕೇತಪದವನ್ನು ಪಡೆಯಬೇಕು. ಪ್ರಭುವು ದಂಡಯಾತ್ರೆಗೆ ಹೊರಟರೆ ಜೊತೆಗೆ ಹೋಗಬೇಕು. ನಾಟಕಶಾಲೆಯಲ್ಲಿಯೂ ಪಂದ್ಯಗಳಲ್ಲಿಯೂ ಜನರ ಗದ್ದಲವನ್ನು ಅಡಗಿಸಬೇಕು. ಇವೆಲ್ಲ ಬಹಿರಂಗವಾದ ಕೆಲಸಗಳು. ಪ್ರಭುವಿಗೆ ಬೇಡವಾದವರನ್ನು ಸೆರೆಹಿಡಿಯುವುದೂ, ಸಾಯೆಂಬ ಅಪ್ಪಣೆಯನ್ನು ಅವರ ಮನೆಬಾಗಿಲಿಗೆ ಒಯ್ಯುವುದೂ ಇವರ ಪಾಲಿಗೇ ಬಂದಿತು. ಕಾಯುವ ಕೈಯೂ ಕೊಲ್ಲುವ ಕೈಯೂ ಒಂದೇ ಆದುದು ಹೀಗೆ.

ಟೈಬೀರಿಯಸನ ಆಳಿಕೆಯಲ್ಲಿ ಸೆಜೇನಸನೆಂಬ ದಳಪತಿಯು ಅಗಸ್ಟಸನ ಎಚ್ಚರಿಕೆಯನ್ನು ಗಾಳಿಗೆ ತೂರಿ, ಕ್ರಿ.ಶ. ೨೩ರ ಸುಮಾರಿಗೆ ಎಲ್ಲ ತುಕಡಿಗಳನ್ನೂ ರೋಮಿನ ಅಂಚಿನ ಒಂದೇ ಕೋಟೆಪಾಳೆಯದಲ್ಲಿ ಕೂಡಿಹಾಕಿದನು. ಚದರಿದ್ದಾಗ ಸೇವಕರಾಗಿದ್ದವರು ಒಟ್ಟುಗೂಡಿದಾಗ ತಮ್ಮ ಬಲವನ್ನು ಕಂಡುಕೊಂಡರು. ಕ್ರಿ.ಶ. ೪೧ರಲ್ಲಿ ಕಲಿಗ್ಯುಲ ಚಕ್ರವರ್ತಿಯನ್ನು ಕೊಂದವರ ಮುಂದಾಳು ಕೀರಿಯ ಎಂಬ ಈ ಪಡೆಯ ಅಧಿಕಾರಿಯೇ. ಸಂಕೇತಪದವನ್ನು ಕೊಡುವಾಗಲೆಲ್ಲ ಅಶ್ಲೀಲವಾದ ಮಾತುಗಳನ್ನಾಡಿ ಅವನನ್ನು ಹಂಗಿಸುವುದು ಕಲಿಗ್ಯುಲನಿಗೆ ವಿನೋದವಾಗಿತ್ತಂತೆ. ಅಂದೇ ಪಡೆಯವರು ಅರಮನೆಯಲ್ಲಿ ಪರದೆಯ ಹಿಂದೆ ಅವಿತಿದ್ದ ಕ್ಲಾಡಿಯಸನನ್ನು ಎಳೆದು ತಂದು ಚಕ್ರವರ್ತಿಯೆಂದು ಸಾರಿದರು. ಅವನು ತಲೆಗೆ ೧೫,೦೦೦ ಸೆಸ್ಟರ್ಸ್ ನಾಣ್ಯಗಳನ್ನು ಕೊಡುವುದಾಗಿ ಮಾತುಕೊಟ್ಟನು. ಗಡಿಯ ಸೈನಿಕನ ವರ್ಷದ ಸಂಬಳವು ಆಗ ೯೦೦ ಆಗಿದ್ದಿತೆಂದರೆ, ಇದು ಅವನ ಹದಿನಾರು ವರ್ಷಗಳ ದುಡಿಮೆಗೂ ಮಿಕ್ಕುದು.

ಒಮ್ಮೆ ಕೊಟ್ಟ ಬೆಲೆ ಮುಂದೆ ವಾಡಿಕೆಯಾಯಿತು. ಕ್ರಿ.ಶ. ೬೮ರಲ್ಲಿ ನೀರೋವಿನ ಕೈಬಿಡುವುದಕ್ಕೆ ತಲೆಗೆ ೩೦,೦೦೦ದ ಆಸೆ ತೋರಿಸಲಾಯಿತು. ಗದ್ದುಗೆಗೆ ಬಂದ ವೃದ್ಧ ಗಾಲ್ಬನು, ಸೈನಿಕರನ್ನು ಆರಿಸುವುದು ತನ್ನ ಪದ್ಧತಿಯೇ ಹೊರತು ಕೊಳ್ಳುವುದಲ್ಲವೆಂದು ಹಣ ಕೊಡದೆ ಹೋದನು. ಮರುವರ್ಷದ ಜನವರಿಯಲ್ಲಿ ನಡುಬೀದಿಯಲ್ಲಿ ಸೈನಿಕರ ಕತ್ತಿಗೆ ತುತ್ತಾದನು. ೧೯೩ರಲ್ಲಿ ಸಚ್ಚರಿತನಾದ ಪರ್ಟಿನ್ಯಾಕ್ಸನನ್ನು ಕೊಂದ ಮೇಲಂತೂ ನಾಚಿಕೆಯ ಪರದೆಯೂ ಸರಿಯಿತು. ಪಾಳೆಯದ ಒಳಗೊಬ್ಬ, ಗೋಡೆಯ ಹೊರಗೊಬ್ಬ ನಿಂತು ಸಿಂಹಾಸನಕ್ಕೆ ಹರಾಜು ಕೂಗಿದರು. ತಲೆಗೆ ೨೫,೦೦೦ ಎಂದ ಡಿಡಿಯಸ್ ಜೂಲಿಯಾನಸನಿಗೆ ಸಾಮ್ರಾಜ್ಯವು ಸಂದಿತು. ಅರುವತ್ತಾರು ದಿನಗಳ ಮೇಲೆ ಅವನೂ ಹತನಾದನು. ಆಗ ಅವನ ನೆರವಿಗೆ ಕೊಂಡ ಕತ್ತಿಗಳಲ್ಲಿ ಒಂದೂ ಮೇಲೇಳಲಿಲ್ಲ.

ಇದನ್ನೋದಿದವರು ಆ ಪಡೆಯವರನ್ನು ಉಂಡ ಮನೆಗೆ ಎರಡು ಬಗೆದವರೆಂದು ಹಳಿಯುವುದು ಸಹಜ. ಸ್ವಾಮಿದ್ರೋಹವನ್ನು ಮಹಾಪಾತಕವೆಂದೆಣಿಸುವ ನಮಗೆ ಬೇರೆ ಮಾತು ತೋರದು. ಆದರೆ ಸ್ವಲ್ಪ ನಿಂತು ಯೋಚಿಸಬೇಕು. ಆ ನಿಷ್ಠೆಗೆ ಬುಡದಲ್ಲಿ ಹಾಕಿದ ಗೊಬ್ಬರ ಯಾವುದು? ರಾಜ್ಯದ ಶಾಸನವನ್ನು ಕಾಪಾಡಿರೆಂದು ಅವರಿಗೆ ಯಾರೂ ಕಲಿಸಲಿಲ್ಲ. ಈ ಒಬ್ಬ ವ್ಯಕ್ತಿಯನ್ನು ಕಾಪಾಡಿರಿ, ಪ್ರತಿಯಾಗಿ ಇಷ್ಟು ಕೊಡುತ್ತೇನೆ ಎಂದು ಕಲಿಸಿದರು. ನಿಷ್ಠೆಗೆ ಬೆಲೆ ಕಟ್ಟಿದವನು ಪ್ರಭು. ಸೈನಿಕನು ಆ ಬೆಲೆಯನ್ನು ಏರಿಸಿದನು, ಅಷ್ಟೆ. ಶಾಸನವನ್ನು ಮೀರಿ ಗದ್ದುಗೆಯೇರಿದವನು, ಶಾಸನವನ್ನು ಮೀರಿ ತನ್ನನ್ನು ಇಳಿಸಬೇಡವೆಂದು ಯಾವ ನ್ಯಾಯದಿಂದ ಬೇಡಿಕೊಂಡಾನು?

ಹಾಗಾದರೆ ಬೆಲೆಗೆ ಬಗ್ಗದ ಪಡೆಯೊಂದಿದ್ದರೆ ಈ ದೋಷವು ಕಳೆಯುವುದೆ? ಅಂಥದನ್ನೂ ಲೋಕವು ಕಂಡಿದೆ. ಜರ್ಮನಿಯಲ್ಲಿ ಹಿಟ್ಲರನ ಅಂಗರಕ್ಷಣೆಗೆಂದು ೧೯೨೫ರಲ್ಲಿ ಚಿಕ್ಕದಾಗಿ ಹುಟ್ಟಿದ ಎಸ್.ಎಸ್. ದಳವು ತನ್ನ ಮಾನವೇ ನಿಷ್ಠೆಯೆಂಬ ಅರ್ಥದ ಮಾತನ್ನು ಸೊಂಟಪಟ್ಟಿಯ ಮೇಲೆ ಕೆತ್ತಿಸಿಕೊಂಡಿತ್ತು. ೧೯೩೪ರ ಜೂನ್ ಕೊನೆಯಲ್ಲಿ ನಾಯಕನ ಹಳೆಯ ಸಂಗಡಿಗರನ್ನೇ ವಿಚಾರಣೆಯಿಲ್ಲದೆ ಕೊಲ್ಲೆಂದಾಗ ಅದು ಕೊಂದಿತು; ಸೆರೆಶಿಬಿರಗಳನ್ನು ನಡೆಸೆಂದಾಗ ನಡೆಸಿತು; ಲಕ್ಷಾಂತರ ಯೆಹೂದ್ಯರ ಕೊಲೆಗೆ ಕೈಯಾಯಿತು. ೧೯೪೬ರಲ್ಲಿ ನ್ಯೂರಂಬರ್ಗಿನ ನ್ಯಾಯಮಂಡಲಿಯು ಅದನ್ನು ಅಪರಾಧಿ ಸಂಸ್ಥೆಯೆಂದು ಸಾರಿತು. ರೋಮಿನ ಪಡೆಯವರು ನಿಷ್ಠೆಯನ್ನು ಮಾರಿ ಕೆಟ್ಟರು; ಇವರು ನಿಷ್ಠೆಯೊಂದನ್ನೇ ಉಳಿಸಿಕೊಂಡು, ಒಳ್ಳೆಯದು ಕೆಟ್ಟದ್ದೆಂಬ ವಿವೇಕವನ್ನು ಬಿಟ್ಟು ಕೆಟ್ಟರು. ಎರಡನೆಯದರಿಂದ ಲೋಕಕ್ಕೆ ಬಂದ ಕೇಡು ಮೊದಲನೆಯದರಿಂದ ಬಂದುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದುದರಿಂದ ನಿಷ್ಠೆಯು ತಾನೇ ತಾನಾಗಿ ಸದ್ಗುಣವೆನ್ನಲಾಗದು. ಅದು ಯಾವುದಕ್ಕೆ ಸಂದಿದೆಯೆಂಬುದರ ಮೇಲೆ ಅದರ ಯೋಗ್ಯತೆ ನಿಂತಿದೆ.

ಆ ರೋಮಿನ ಪಡೆಯಲ್ಲಿಯೇ ಈ ಮಾತಿಗೆ ಸಾಕ್ಷಿಯಾಗಿ ಇಬ್ಬರು ಸಿಗುತ್ತಾರೆ. ಸುಬ್ರಿಯಸ್ ಫ್ಲೇವಸನು ಅದರ ಅಧಿಕಾರಿ. ಕ್ರಿ.ಶ. ೬೫ರಲ್ಲಿ ನೀರೋವಿನ ವಿರುದ್ಧದ ಒಳಸಂಚಿನಲ್ಲಿ ಸಿಕ್ಕಿಬಿದ್ದನು. ಕೊಟ್ಟ ಆಣೆಯನ್ನೇಕೆ ಮರೆತೆಯೆಂದು ನೀರೋ ಕೇಳಿದಾಗ, ನೀನು ಪ್ರೀತಿಗೆ ಅರ್ಹನಾಗಿರುವ ತನಕ ನನಗಿಂತ ನಿಷ್ಠನಾದವನಿರಲಿಲ್ಲ, ತಾಯಿಯನ್ನೂ ಹೆಂಡತಿಯನ್ನೂ ಕೊಲ್ಲಿಸಿದಂದಿನಿಂದ ನಿನ್ನನ್ನು ದ್ವೇಷಿಸಿದೆನು ಎಂಬರ್ಥದ ಉತ್ತರವಿತ್ತು ತಲೆಯೊಪ್ಪಿಸಿದನು. ಮತ್ತೊಬ್ಬನು ಸೆಂಪ್ರೋನಿಯಸ್ ಡೆನ್ಸಸ್, ನೂರಾಳುಗಳ ನಾಯಕ. ಗಾಲ್ಬನನ್ನು ಎಲ್ಲರೂ ಕೈಬಿಟ್ಟ ದಿನ ಕತ್ತಿಗಳಿಗೆ ಇದಿರಾಗಿ ನಿಂತವನು ಇವನೊಬ್ಬನೇ. ಅವನು ಕಾದುದು ಗಾಲ್ಬನನ್ನೊ, ಅವನ ದತ್ತಪುತ್ರನಾದ ಪೈಸೋವನ್ನೊ ಎಂಬುದರಲ್ಲಿ ಪ್ರಾಚೀನರಲ್ಲಿ ಭಿನ್ನಾಭಿಪ್ರಾಯವಿದೆ. ಒಬ್ಬಂಟಿಯಾಗಿ ಹೋರಾಡಿದನೆಂಬುದರಲ್ಲಿ ಇಲ್ಲ. ಗಾಲ್ಬನಿಂದ ಅವನಿಗೆ ವಿಶೇಷವಾದ ಉಪಕಾರವೇನೂ ಆಗಿರಲಿಲ್ಲ, ಮಾನವನ್ನೂ ಶಾಸನವನ್ನೂ ಎಣಿಸಿಯೇ ನಿಂತನು ಎಂದು ಪ್ಲೂಟಾರ್ಕನು ಹೇಳುತ್ತಾನೆ.

ನೋಡಿರಿ: ಒಬ್ಬನು ಚಕ್ರವರ್ತಿಯ ಮೇಲೆ ಕತ್ತಿಯೆತ್ತಲು ಸಿದ್ಧನಾದನು, ಇನ್ನೊಬ್ಬನು ಚಕ್ರವರ್ತಿಯ ಪರವಾಗಿ ಸತ್ತನು. ಕಾರ್ಯಗಳು ವಿರುದ್ಧ; ಮನಸ್ಸಿನ ಧರ್ಮ ಒಂದೇ. ಇಬ್ಬರೂ ವ್ಯಕ್ತಿಗಿಂತ ಮೇಲಾದುದೊಂದನ್ನು ಕಂಡಿದ್ದರು. ಇಬ್ಬರಿಗೂ ಅದರಿಂದ ಒಂದು ಕಾಸೂ ದೊರೆಯಲಿಲ್ಲ. ಒಳಸಂಚಿನಿಂದ ಕೊಲ್ಲಹೊರಟುದು ಸರಿಯೆ ಎಂದು ಫ್ಲೇವಸನ ಮೇಲೆ ಆಕ್ಷೇಪವೆತ್ತಬಹುದು, ಎತ್ತಲೂಬೇಕು. ಆದರೆ ಕೊಲೆಯ ಹೊರತು ಬೇರೆ ದಾರಿಯನ್ನೇ ಉಳಿಸದ ಆಳಿಕೆಯಲ್ಲಿ ಆ ಪಾಪದ ದೊಡ್ಡ ಪಾಲು ಯಾರದೆಂಬುದನ್ನೂ ಜೊತೆಗೇ ಕೇಳಬೇಕಾಗುತ್ತದೆ.

೩೧೨ರಲ್ಲಿ ಕಾನ್‌ಸ್ಟಂಟೈನನು ಆ ಪಡೆಯನ್ನು ವಿಸರ್ಜಿಸಿದನು. ಪಾಳೆಯದ ಗೋಡೆಯ ಕೆಲವು ಭಾಗ ರೋಮಿನಲ್ಲಿ ಇಂದಿಗೂ ನಿಂತಿದೆ. ಅರಮನೆಯ ಕಾವಲಿನ ಪ್ರಶ್ನೆ ನಮಗೆ ದೂರದ್ದೆಂದು ತೋರಬಹುದು. ಆದರೆ ಒಬ್ಬರ ಅನ್ನವುಂಡು ಅವರ ಬಾಗಿಲನ್ನು ಕಾಯುವ ಕೆಲಸ, ಯಾವುದೋ ಒಂದು ರೂಪದಲ್ಲಿ, ಕಚೇರಿಯಲ್ಲಿಯೊ ಸಂಘದಲ್ಲಿಯೊ ಮನೆತನದಲ್ಲಿಯೊ ನಮ್ಮಲ್ಲಿ ಬಹುಮಂದಿಯ ಪಾಲಿಗೆ ಬಂದೇ ಇರುತ್ತದೆ. ಒಡೆಯನು ತಪ್ಪುದಾರಿ ಹಿಡಿದ ದಿನ, ಆ ಅನ್ನವು ಮೊದಲು ಯಾರ ಹೊಲದಲ್ಲಿ ಬೆಳೆದುದೆಂದು ನೆನೆಯುವ ಶಕ್ತಿ ನಮ್ಮಲ್ಲಿ ಉಳಿದಿದ್ದರೆ, ನಾವು ಕಾವಲುಗಾರರೆನ್ನಿಸಿಕೊಳ್ಳಲು ಯೋಗ್ಯರು.