ಕಟ್ಟಿದವರು ಯಾರು?

ಕನ್ನಡದ ‘ಕಟ್ಟು’ ಎಂಬ ಪದ ಬಹಳ ಉದಾರಿ. ಮನೆ ಕಟ್ಟುತ್ತೇವೆ, ಬೀಡಿ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ. ಹೂ ಕಟ್ಟುವಾಕೆ ಹೂವನ್ನು ಅರಳಿಸಿದವಳಲ್ಲ. ಆದರೂ ಮಾಲೆ ಅವಳ ಕೈಯದೇ ಎಂಬುದಕ್ಕೆ ಯಾರ ತಕರಾರೂ ಇಲ್ಲ. ಹಾಗಾದರೆ, ಬಿಡಿಭಾಗಗಳ ಕಿಟ್ ತರಿಸಿ, ಅಂಗೈಯಲ್ಲಿ ಹಿಡಿದಾಡುವ ಹಳೇ ಕಾಲದ ವಿಡಿಯೋ ಗೇಮ್ ಯಂತ್ರವೊಂದನ್ನು ಜೋಡಿಸಿದ ಹುಡುಗ ‘ಇದನ್ನು ನಾನೇ ಮಾಡಿದೆ’ ಎಂದರೆ ಆ ಮಾತು ಎಷ್ಟು ನಿಜ?

ಕ್ರೊಯೇಷಿಯಾದ ಆಲ್ಬರ್ಟ್ ಗಾಯ್ಶಾಕ್ ಎಂಬ ಹದಿಹರೆಯದ ಹುಡುಗ 2017ರಲ್ಲಿ ‘ಮೇಕರ್‌ಬುಯಿನೊ’ ಎಂಬ ಇಂಥದೊಂದು ಕಿಟ್ಟನ್ನು ಜನರ ಮುಂದಿಟ್ಟ. ಅದರೊಳಗೆ ಸರ್ಕಿಟ್ ಬೋರ್ಡು, ಗುಂಡಿಗಳು, ರೆಸಿಸ್ಟರುಗಳು, ಬರೀ 32 ಕಿಲೋಬೈಟ್ ಹಿಡಿಸುವ ಎಟಿಮೆಗಾ 328 ಚಿಪ್ಪು. ಪರದೆ ಹಳೆಯ ನೋಕಿಯಾ 5110 ಮೊಬೈಲಿನದೇ: ಅಡ್ಡಕ್ಕೆ 84, ಎತ್ತರಕ್ಕೆ 48 ಚುಕ್ಕೆ. ಬೆಸುಗೆ ನಾವೇ ಹಾಕಬೇಕು. ಬಿಸಿ ಹೆಚ್ಚಾದರೆ ಬೋರ್ಡಿನ ತಾಮ್ರ ಕಿತ್ತುಬರುತ್ತದೆ. ಕಡಿಮೆಯಾದರೆ ಬೆಸುಗೆ ಕೂತಂತೆ ಕಂಡರೂ ಕರೆಂಟು ಹರಿಯುವುದಿಲ್ಲ. ರೇಡಿಯೋ ರಿಪೇರಿಯವರು ಇದಕ್ಕೆ ‘ಡ್ರೈ ಸೋಲ್ಡರ್’ ಎನ್ನುತ್ತಾರೆ. ಅಂಥ ಒಂದು ಬೆಸುಗೆ ಸಾಕು, ಯಂತ್ರ ಮೂಕವಾಗುತ್ತದೆ. ಯಾವುದೆಂದು ಹುಡುಕಲು ಒಂದೊಂದನ್ನೂ ಮತ್ತೆ ನೋಡುತ್ತ ಕೂರಬೇಕು.

ಮರುವರ್ಷ ಕೊರಿಯಾದಿಂದ ಬಂದ ‘ಓಡ್ರಾಯ್ಡ್-ಗೋ’ ಕಿಟ್ಟಿಗೆ ಬೆಸುಗೆಯೇ ಬೇಡ, ಸ್ಕ್ರೂ ಬಿಗಿದರಾಯಿತು. ಮೊದಲನೆಯದು ಹುನರ್, ಎರಡನೆಯದು ಬರೀ ಜೋಡಣೆ ಎಂದುಬಿಡುವುದು ಸುಲಭ. ನನಗದು ಒಪ್ಪಿಗೆಯಿಲ್ಲ. ಗಾಯ್ಶಾಕನ ಯಂತ್ರವೂ ಫ್ರಾನ್ಸಿನ ‘ಗೇಮ್‌ಬುಯಿನೊ’ ಮೇಲೆ ನಿಂತಿದೆ. ಅದು ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಮೇಲೆ. ಯಾರು ಬೇಕಾದರೂ ಬಳಸಲೆಂದು ಅವರೆಲ್ಲ ನಕ್ಷೆಗಳನ್ನು ಬಿಚ್ಚಿಟ್ಟಿದ್ದರು. ನಮ್ಮ ದರ್ಜಿಗಳು, ಮೆಕ್ಯಾನಿಕ್‌ಗಳು ತಮ್ಮ ಕೆಲಸದ ಮಾತು ಬಂದಾಗ ಮೊದಲು ಉಸ್ತಾದರ ಹೆಸರು ಹೇಳುತ್ತಾರೆ. ಅದರಿಂದ ಅವರ ಕೈಯ ಬೆಲೆ ಕಡಿಮೆಯಾದದ್ದನ್ನು ನಾನು ಕಂಡಿಲ್ಲ.

ನಿಜವಾದ ತೊಡಕು ಇರುವುದು ಯಂತ್ರ ಸಿದ್ಧವಾದ ಮೇಲೆ. ಓಡ್ರಾಯ್ಡ್-ಗೋದಂಥವುಗಳಲ್ಲಿ ನಿಂಟೆಂಡೋದ ಹಳೆಯ ಗೇಮ್‌ಬಾಯ್ ಆಟಗಳು ಓಡುತ್ತವೆ, ಅವುಗಳ ಪುಕ್ಕಟೆ ನಕಲುಗಳೂ ಧಾರಾಳವಾಗಿ ಸಿಗುತ್ತವೆ. ‘ಹಳತಾಯಿತಲ್ಲ, ಯಾರಿಗೇನು ನಷ್ಟ?’ ಎಂದು ಕೇಳುವವರಿದ್ದಾರೆ. ಅಂಗಡಿಯಿಂದ ಮಾಯವಾದ ಎಷ್ಟೋ ಆಟಗಳನ್ನು ಉಳಿಸಿದವರು ನಕಲು ಮಾಡಿದವರೇ ಎಂಬುದೂ ಸುಳ್ಳಲ್ಲ. ಆದರೆ ಟೆಟ್ರಿಸ್‌ನ ಕತೆ ನೋಡಿ. ಅದನ್ನು 1984ರಲ್ಲಿ ಮಾಸ್ಕೋದಲ್ಲಿ ಬರೆದವನು ಅಲೆಕ್ಸಿ ಪಜಿತ್ನೋವ್. 1989ರಲ್ಲಿ ಅಮೆರಿಕದಲ್ಲಿ ಗೇಮ್‌ಬಾಯ್ ಜತೆ ಅದನ್ನು ಸೇರಿಸಿಯೇ ಮಾರಿದರು. ಹಕ್ಕು ಸೋವಿಯತ್ ಸರಕಾರದ್ದು. ಬರೆದವನಿಗೆ ಗೌರವಧನ ಸಿಗತೊಡಗಿದ್ದು 1996ರ ಬಳಿಕ.

ಕಾನೂನಿನ ಮಾಲೀಕನೇ ಬೇರೆ, ಮಾಡಿದವನೇ ಬೇರೆ ಎಂದಮೇಲೆ ನಕಲು ಕದ್ದಂತಾಗುವುದು ಹೇಗೆ ಎಂದು ವಕೀಲರು ವಾದಿಸಬಹುದು. ಆದರೆ ಒಂದು ಹಿಡಿ ಬೆಸುಗೆಗೆ ತನ್ನ ಹೆಸರು ಬಯಸುವವನ ಬಾಯಲ್ಲಿ ಈ ವಾದ ಚೆನ್ನಾಗಿ ಕೇಳಿಸುವುದಿಲ್ಲ. ಬರೆದವನಿಗೆ ಒಮ್ಮೆ ಆದ ಅನ್ಯಾಯವನ್ನು ತೋರಿಸಿ ಎರಡನೇ ಬಾರಿ ಅವನ ಕೈಬಿಡುವುದು ಎಂಥ ನ್ಯಾಯ?

ಆ ಪುಟ್ಟ ಮೇಕರ್‌ಬುಯಿನೊದಲ್ಲಿ ನಮ್ಮದೇ ಆಟ ಬರೆಯಲು 4032 ಚುಕ್ಕೆಗಳಿವೆ. ಪಜಿತ್ನೋವ್‌ಗೆ ಅಷ್ಟೂ ಇರಲಿಲ್ಲ. ಅವನ ಮುಂದಿದ್ದ ಎಲೆಕ್ಟ್ರಾನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಬ್ರಾಕೆಟ್ ಚಿಹ್ನೆಗಳನ್ನೇ ಪಕ್ಕಪಕ್ಕ ಕೂರಿಸಿ ಅವನು ಇಟ್ಟಿಗೆ ಮಾಡಿಕೊಂಡ.