ಯಾರ ಮಕ್ಕಳ ಮೇಲೆ ಕಲಿತೆವು?

ಕಳೆದ ವಾರ ಕಿರಿಯ ಗೆಳೆಯನೊಬ್ಬ ಫೋನ್ ಮಾಡಿ, "ಅಣ್ಣ, ನಿಮ್ಮ ಬಿ.ಎಡ್. ರೆಕಾರ್ಡ್‌ಗಳು ಇನ್ನೂ ಇವೆಯಾ? ಎರಡು ದಿನ ಕೊಡಿ, ನೋಡಿ ಬರೆದುಕೊಂಡು ವಾಪಸ್ ಕೊಡ್ತೀನಿ" ಎಂದ. ಅವನ ದನಿಯಲ್ಲಿ ಅಳುಕಿರಲಿಲ್ಲ. ಅಳುಕಬೇಕಾದ ಕಾರಣವೂ ಅವನಿಗೆ ಕಂಡಿರಲಾರದು. ನಾನು ಕೂಡ ಸೀನಿಯರ್ ಒಬ್ಬರ ರೆಕಾರ್ಡ್ ನೋಡಿಯೇ ಬರೆದವನು. ಅಟ್ಟದಿಂದ ಇಳಿಸಿ ದೂಳು ಕೊಡವಿದೆ. ಕಲಿಕಾಂಶ, ಚಟುವಟಿಕೆ, ಕಲಿಕೋಪಕರಣ, ಮೌಲ್ಯಮಾಪನ ಎಂದು ಗೆರೆ ಎಳೆದ ಪುಟಗಳು, ಪ್ರತಿ ಪಾಠದ ಕೆಳಗೆ ಒಂದು ಸಹಿ. ಎಲ್ಲವೂ ಸರಿಯಾಗಿಯೇ ಇತ್ತು. ಆದರೂ ಕೊಡಲು ಮನಸ್ಸಾಗಲಿಲ್ಲ.

ನಮ್ಮಲ್ಲಿ ಶಿಕ್ಷಕರಾಗಬೇಕಾದವರಿಗೆ ನಿಯಮಗಳು ಕಡಿಮೆ ಏನಿಲ್ಲ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಕೊಟ್ಟ ವರದಿಯ ನಂತರ, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ಹೊಸ ನಿಯಮಾವಳಿ ತಂದಿತು. ಒಂದು ವರ್ಷದ ಬಿ.ಎಡ್. ಎರಡು ವರ್ಷದ್ದಾಯಿತು. ಶಾಲೆಯಲ್ಲಿ ಕಳೆಯಬೇಕಾದ ಅವಧಿ ಇಪ್ಪತ್ತು ವಾರ: ಮೊದಲ ವರ್ಷ ನಾಲ್ಕು, ಎರಡನೆಯ ವರ್ಷ ಹದಿನಾರು. ತರಗತಿಗಳಿಗೆ ಶೇಕಡಾ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇಕಡಾ 90 ಹಾಜರಾತಿ ಕಡ್ಡಾಯ. ಇದರ ಹಿಂದಿನ ವಿಚಾರ ಸರಳವಾದದ್ದು, ಒಳ್ಳೆಯದೂ ಹೌದು. ಪಾಠ ಮಾಡುವುದನ್ನು ಪುಸ್ತಕ ಓದಿ ಕಲಿಯಲಾಗದು, ಮಕ್ಕಳ ಮುಂದೆ ನಿಂತೇ ಕಲಿಯಬೇಕು.

ನಾನು ನಿಂತದ್ದು ಒಂದು ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಯ ಮುಂದೆ. ಕೊನೆಯ ಪ್ರಾಯೋಗಿಕ ಪರೀಕ್ಷೆಗೆ ಲೋಪ ಸಂಧಿ ಆರಿಸಿಕೊಂಡಿದ್ದೆ. ಪರೀಕ್ಷಕರು ಬರುವ ಹಿಂದಿನ ದಿನವೇ ಆ ಪಾಠವನ್ನು ಪೂರ್ತಿ ಮಾಡಿ ಮುಗಿಸಿದ್ದೆ. ಯಾವ ಪ್ರಶ್ನೆಗೆ ಯಾರು ಉತ್ತರಿಸಬೇಕು ಎಂದು ಹಂಚಿಯೂ ಆಗಿತ್ತು. ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಎಲ್ಲಕ್ಕೂ ಕೈ ಎತ್ತುತ್ತಿದ್ದ, ಹೆಚ್ಚಿನ ಸಲ ತಪ್ಪು ಹೇಳುತ್ತಿದ್ದ. ಅವನನ್ನು ಪಕ್ಕಕ್ಕೆ ಕರೆದು, "ನಾಳೆ ಒಂದು ದಿನ ಕೈ ಎತ್ತಬೇಡಪ್ಪ" ಎಂದೆ. ತಲೆಯಾಡಿಸಿದ.

ಮರುದಿನ ಊರು, ಅಲ್ಲಿ ಸೇರಿ ಊರಲ್ಲಿ ಎಂದು ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೇಳಿದರು. ಪರೀಕ್ಷಕರು ಮೆಚ್ಚಿದರು. ಅಂಕವೂ ಚೆನ್ನಾಗಿ ಬಂತು. ಗಂಟೆ ಹೊಡೆದ ಮೇಲೆ ಆ ಹುಡುಗ ಬಾಗಿಲ ಹತ್ತಿರ ಬಂದು ಕೇಳಿದ: "ಸರ್, ನಾನು ಒಂದು ಸಲಾನೂ ಕೈ ಎತ್ತಲಿಲ್ಲ. ಸರಿಯಾಯ್ತಾ?"

ಅವನು ನನ್ನನ್ನು ಚುಚ್ಚಲು ಕೇಳಿದ್ದಲ್ಲ. ಹೇಳಿದ ಕೆಲಸ ಮಾಡಿದೆ ಎಂಬ ಸಂತೋಷಕ್ಕೆ ಕೇಳಿದ್ದು. "ಸರಿಯಾಯ್ತು" ಎಂದೆ. ಆ ಇಪ್ಪತ್ತು ವಾರಗಳಲ್ಲಿ ನಾನು ಅವನಿಗೆ ಮನಸ್ಸಿಗೆ ನಾಟುವಂತೆ ಕಲಿಸಿದ್ದು ಅದೊಂದೇ ಇರಬೇಕು: ಗೊತ್ತಿಲ್ಲದವನು ಸುಮ್ಮನಿರಬೇಕು.

ಒಬ್ಬರು ಕಸುಬು ಕಲಿಯಬೇಕಾದರೆ ಇನ್ನೊಬ್ಬರ ಮೇಲೆಯೇ ಕಲಿಯಬೇಕಾದ ಕೆಲಸಗಳಿವೆ. ವೈದ್ಯರೂ ಹಾಗೆಯೇ ಕಲಿಯುತ್ತಾರೆ. ಹಾಗಾಗಿ ಮಕ್ಕಳ ಮೇಲೆ ಕಲಿಯುವುದೇ ತಪ್ಪು ಎಂದು ನಾನು ಹೇಳಲಾರೆ. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂದ ಕಾಂಟ್ ಕೂಡ ಅವರಿಂದ ಉಪಯೋಗ ಪಡೆಯಲೇಬಾರದು ಎನ್ನಲಿಲ್ಲ. ಅವನ ಒತ್ತು ಇರುವುದು 'ಬರೀ' ಎಂಬ ಮಾತಿನ ಮೇಲೆ. ತಡವರಿಸುತ್ತಾ ಮಾಡಿದ ಪಾಠದಿಂದಲೂ ಮಗುವಿಗೆ ಏನೋ ಒಂದಿಷ್ಟು ಸಿಕ್ಕಿದ್ದರೆ ಆ ಗಂಟೆ ಇಬ್ಬರದೂ ಆಗುತ್ತದೆ. ನಾನು ಮಾಡಿದ ಪಾಠದಲ್ಲಿ ತಡವರಿಕೆ ಇರಲಿಲ್ಲ. ಆದರೆ ಆ ಗಂಟೆ ಪೂರ್ತಿ ನನ್ನದೇ ಆಗಿತ್ತು.

ಇಂಥ ಮಾತು ಬಂದಾಗ ಗೆಳೆಯರು ಎರಡು ಪರಿಹಾರ ಹೇಳುತ್ತಾರೆ. ಬಯೋಮೆಟ್ರಿಕ್ ತನ್ನಿ, ನಿಯಮ ಬಿಗಿ ಮಾಡಿ ಎಂಬುದು ಒಂದು. ಈ ರೆಕಾರ್ಡ್ ಬರೆಯುವುದನ್ನೇ ತೆಗೆದುಹಾಕಿ ಎಂಬುದು ಇನ್ನೊಂದು. ನನ್ನ ಹಾಜರಾತಿ ಶೇಕಡಾ 90ಕ್ಕಿಂತ ಹೆಚ್ಚೇ ಇತ್ತು. ಆ ದಿನವೂ ನಾನು ಹಾಜರಿದ್ದೆ. ಆದ್ದರಿಂದ ಮೊದಲನೆಯದರಲ್ಲಿ ನನಗೆ ನಂಬಿಕೆ ಇಲ್ಲ. ಎರಡನೆಯದೂ ಒಪ್ಪಿಗೆಯಾಗದು. ನಿಯಮವೇ ಇಲ್ಲದಿದ್ದರೆ ಪದವಿ ಹಣ ಕೊಟ್ಟು ಕೊಳ್ಳುವ ಸರಕಾಗುತ್ತದೆ, ಅದರ ಬೆಲೆ ತೆರುವವರೂ ಇವೇ ಮಕ್ಕಳು.

ನನಗೆ ಈಗ ತೋರುವುದಿಷ್ಟು. ರೆಕಾರ್ಡಿನಲ್ಲಿ ಪ್ರಶಿಕ್ಷಣಾರ್ಥಿಯ ಸಹಿ ಇರುತ್ತದೆ, ಮೇಲ್ವಿಚಾರಕರ ಸಹಿ ಇರುತ್ತದೆ. ಅದು ಇಬ್ಬರ ನಡುವಿನ ಕರಾರಿನಂತೆ ಕಾಣುತ್ತದೆ. ನಿಜದಲ್ಲಿ ಅದು ಮೂರನೆಯವರಿಗೆ ಕೊಟ್ಟ ಮಾತು. ಆ ಮೂರನೆಯವರಿಗೆ ಸಹಿ ಹಾಕುವ ಹಕ್ಕಿಲ್ಲ, ದೂರು ಕೊಡುವುದೂ ಗೊತ್ತಿಲ್ಲ. ಇಬ್ಬರೂ ಒಪ್ಪಿಕೊಂಡು ಮುರಿದರೆ ಕೇಳುವವರೇ ಇಲ್ಲ. ಅದಕ್ಕೇ ಇಲ್ಲಿ ಸಣ್ಣ ಸುಳ್ಳೂ ಸಣ್ಣದಲ್ಲ. ಅಂಥವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಹೊಣೆ ಪೂರ್ತಿಯಾಗಿ ಕೊಟ್ಟವನದೇ.

ಗೆಳೆಯನಿಗೆ ವಾಪಸ್ ಫೋನ್ ಮಾಡಿದೆ. "ನಿನ್ನ ತರಗತಿಯಲ್ಲಿ ತಪ್ಪು ಉತ್ತರ ಹೇಳುವ ಮಕ್ಕಳು ಯಾರು ಅಂತ ನೋಡಿಕೊಂಡು ಬಾ. ಪಾಠ ಯೋಜನೆ ಒಟ್ಟಿಗೆ ಕೂತು ಬರೆಯೋಣ" ಎಂದೆ.

"ಅಣ್ಣ, ಶುಕ್ರವಾರ ಸಬ್ಮಿಟ್ ಮಾಡಬೇಕು" ಎಂದ.

ಅವನ ಕಷ್ಟವೂ ಸುಳ್ಳಲ್ಲ. ಬುಧವಾರ ಸಂಜೆ ಬರುತ್ತೇನೆ ಎಂದಿದ್ದಾನೆ. ಎಲ್ಲ ಪಾಠಗಳನ್ನೂ ಹಾಗೆ ಬರೆಯಲು ಆಗದು. ಒಂದನ್ನಾದರೂ ಅವನ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯಬಹುದು. ಅಲ್ಲಿಂದ ಶುರು ಮಾಡುತ್ತೇವೆ.