ಪೊಟ್ಟಣದ ಮೇಲಿನ ಎರಡು ಸಾಲು

ಘಾನಾದ ಕುಮಾಸಿ ನಗರದ ಹತ್ತಿರ ಬೊಬಿರಿ ಎಂಬ ಕಾಡಿದೆ. ಚಿಟ್ಟೆಗಳಿಂದಲೇ ಹೆಸರು ಮಾಡಿದ ಕಾಡು. ಸುಮಾರು 400 ಬಗೆಯವು ಅಲ್ಲಿವೆ. ಪಶ್ಚಿಮ ಆಫ್ರಿಕಾದ ಇಂಥ ಕಾಡುಗಳಲ್ಲಿ ಚಿಟ್ಟೆ ಹಿಡಿಯಲು ಬಲೆ ಬೀಸುತ್ತಾ ಓಡಲೇಬೇಕೆಂದಿಲ್ಲ. ತಟ್ಟೆಯಲ್ಲಿ ಕೊಳೆತ ಬಾಳೆಹಣ್ಣು ಇಟ್ಟು, ಅದರ ಮೇಲೆ ಸೊಳ್ಳೆಪರದೆಯಂಥ ಬಟ್ಟೆಯ ಚೀಲವನ್ನು ಬೋರಲಾಗಿ ಕೊಂಬೆಗೆ ತೂಗುಹಾಕಿದರೆ ಸಾಕು. ಹುಳಿವಾಸನೆಗೆ ಬಂದು ರಸ ಹೀರಿದ ಚಿಟ್ಟೆ ಹೊರಡುವಾಗ ಮೇಲಕ್ಕೇ ಹಾರುತ್ತದೆ. ಕೆಳಗೆ ಬಾಯಿ ತೆರೆದೇ ಇರುತ್ತದೆ. ಅತ್ತ ಅದು ಇಳಿಯುವುದೇ ಇಲ್ಲ. ಪತಂಗಗಳಿಗಾದರೆ ರಾತ್ರಿ ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚುತ್ತಾರೆ.

ಸಿಕ್ಕ ಚಿಟ್ಟೆ ತ್ರಿಕೋನವಾಗಿ ಮಡಿಸಿದ ಕಾಗದದ ಪೊಟ್ಟಣ ಸೇರುತ್ತದೆ. ಪೊಟ್ಟಣದ ಮೇಲೆ ಎರಡು ಸಾಲು: ಸಿಕ್ಕ ಜಾಗ, ತಾರೀಖು, ಹಿಡಿದವರ ಹೆಸರು.

ಹೆಸರು ಪತ್ತೆಹಚ್ಚುವ ಕಷ್ಟ ಶುರುವಾಗುವುದು ಆಮೇಲೆ. ಉದುರಿದ ಹಣ್ಣಿಗೆ ಮುತ್ತುವ ಯೂಫೀಡ್ರ ಕುಲದ ಚಿಟ್ಟೆಗಳನ್ನು ಸಾಲಾಗಿ ಪಿನ್ನಿಗೆ ಚುಚ್ಚಿಟ್ಟರೆ ಹಸಿರು, ನೀಲಿಯ ಹೊಳಪಿನಲ್ಲಿ ಎಲ್ಲವೂ ಒಂದೇ ತಾಯಿಯ ಮಕ್ಕಳು ಅನ್ನಿಸುತ್ತವೆ. ಅವು ನಾಲ್ಕೈದು ಬೇರೆ ಬೇರೆ ಪ್ರಭೇದಗಳಾಗಿರಬಹುದು. ಆಗ ಹೊಟ್ಟೆಯ ತುದಿಯನ್ನು ಬಿಡಿಸಿ, ಕ್ಷಾರದಲ್ಲಿ ನೆನೆಸಿ, ಮೆತ್ತಗಾದ ಮೇಲೆ ಗಂಡಿನ ಜನನಾಂಗದ ಕೊಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೆಕ್ಕೆ ಮುಚ್ಚಿಟ್ಟ ಗುಟ್ಟು ಎಷ್ಟೋ ಸಲ ಅಲ್ಲಿ ಬಯಲಾಗುತ್ತದೆ. ಈಗ ಒಂದು ಕಾಲು ಮುರಿದು ಡಿಎನ್‌ಎ ಪರೀಕ್ಷೆಯನ್ನೂ ಮಾಡುತ್ತಾರೆ.

ಇದರ ತಿರುವುಮುರುವೂ ಉಂಟು. ಪ್ಯಾಪಿಲಿಯೊ ಡಾರ್ಡನಸ್ ಎಂಬ ಚಿಟ್ಟೆಯ ಗಂಡು ತಿಳಿಹಳದಿ, ಬಾಲವುಳ್ಳದ್ದು. ಹೆಣ್ಣುಗಳೋ ಹಕ್ಕಿಗಳು ಮುಟ್ಟದ ಕಹಿ ಚಿಟ್ಟೆಗಳ ವೇಷ ತೊಟ್ಟು ಹಲವು ರೂಪಗಳಲ್ಲಿವೆ. ಬೇರೆ ಬೇರೆ ಪ್ರಭೇದಗಳೆಂದು ತಿಳಿದಿದ್ದ ಇವೆಲ್ಲ ಒಂದೇ ಮನೆಯ ಹೆಣ್ಣುಗಳೆಂದು 1860ರ ದಶಕದಲ್ಲಿ ತೋರಿಸಿಕೊಟ್ಟವರು ಕೇಪ್‌ಟೌನ್‌ನಲ್ಲಿದ್ದ ರೋಲಂಡ್ ಟ್ರೈಮೆನ್.

ಈ ಗೋಜಲನ್ನೆಲ್ಲ ಬಿಡಿಸುತ್ತಾ ಡೆನ್ಮಾರ್ಕಿನ ಟಾರ್ಬೆನ್ ಲಾರ್ಸೆನ್ 2005ರಲ್ಲಿ ಪಶ್ಚಿಮ ಆಫ್ರಿಕಾದ ಚಿಟ್ಟೆಗಳ ಬಗ್ಗೆ ಎರಡು ಸಂಪುಟಗಳ ಗ್ರಂಥ ತಂದರು. ಸುಮಾರು 1,500 ಪ್ರಭೇದಗಳು ಅದರಲ್ಲಿವೆ. ನಮ್ಮ ನೀಲಗಿರಿಯ ಚಿಟ್ಟೆಗಳನ್ನೂ ಅಧ್ಯಯನ ಮಾಡಿದ್ದವರು ಅವರು.

ಆದರೆ ನನ್ನ ಮನಸ್ಸು ನಿಲ್ಲುವುದು ಆ ಪೊಟ್ಟಣದ ಎರಡು ಸಾಲಿನಲ್ಲಿ. ಆಫ್ರಿಕಾದ ಅತಿ ದೊಡ್ಡ ಚಿಟ್ಟೆ ಪ್ಯಾಪಿಲಿಯೊ ಆಂಟಿಮಾಕಸ್‌ನ ರೆಕ್ಕೆಯ ಹರವು ಒಂದು ಗೇಣು. 1771ರಲ್ಲಿ ಸಿಯೆರಾ ಲಿಯೋನ್‌ಗೆ ಹೋದ ಹೆನ್ರಿ ಸ್ಮೀತ್‌ಮನ್ ಅದನ್ನು ಲಂಡನ್ನಿಗೆ ಕಳಿಸಿದ. 1782ರಲ್ಲಿ ಡ್ರೂ ಡ್ರೂರಿ ಅದಕ್ಕೆ ಹೆಸರಿಟ್ಟ. ಮತ್ತೊಂದು ಮಾದರಿ ಯೂರೋಪು ಮುಟ್ಟಲು ಸುಮಾರು 80 ವರ್ಷ ಬೇಕಾಯಿತು. ಅಷ್ಟು ಕಾಲ ಆ ಚಿಟ್ಟೆಗೆ ಒಂದು ಒಣಗಿದ ದೇಹ ಮತ್ತು ಎಲ್ಲಿಂದ ಬಂತೆಂಬ ಮಾತು, ಇವೆರಡೇ ಸಾಕ್ಷಿ. ಹಳೆಯ ಸಂಗ್ರಹಗಳಲ್ಲಿ ಬರೀ ‘ಗೋಲ್ಡ್ ಕೋಸ್ಟ್’ ಎಂದು ಬರೆದ ಚೀಟಿಗಳಿವೆ. 1957ರಲ್ಲಿ ಅದೇ ಘಾನಾ ಆಯಿತು. ಅಷ್ಟು ದೊಡ್ಡ ನಾಡಿನ ಯಾವ ಕಾಡು, ಯಾವ ತಿಂಗಳು ಎಂದು ಆ ಚೀಟಿಯನ್ನು ಕೇಳಿ ಫಲವಿಲ್ಲ. ಆ ಕಾಡು ಇಂದು ಕೋಕೋ ತೋಟವಾಗಿದ್ದರೆ ಅಲ್ಲಿ ಹಿಂದೆ ಏನೇನಿತ್ತೆಂದು ಹೇಳುವವರೂ ಇಲ್ಲ. ಮಳೆಯಲ್ಲಿ ನೆನೆಯುತ್ತಾ ಎರಡು ಸಾಲು ಸರಿಯಾಗಿ ಬರೆದ ಕೈಗೆ, ಹೆಸರಿಟ್ಟ ಪಂಡಿತನಷ್ಟೇ ಗೌರವ ಸಲ್ಲಬೇಕು.

ಅಂಥ ಎರಡು ಸಾಲನ್ನು ನಾವೂ ಬರೆಯಬಹುದು. ಎಕ್ಕದ ಗಿಡಕ್ಕೆ ಬರುವ ಕಿತ್ತಳೆ ಬಣ್ಣದ ಚಿಟ್ಟೆ ನಮ್ಮಲ್ಲೂ ಇದೆ, ಘಾನಾದಲ್ಲೂ ಇದೆ. ಅದರ ವೇಷ ಹಾಕುವ ಇನ್ನೊಂದು ಪ್ರಭೇದದ ಹೆಣ್ಣು ಚಿಟ್ಟೆಯೂ ಎರಡೂ ಕಡೆ ಇದೆ. ಹಿಂದಿನ ರೆಕ್ಕೆಯ ಮಧ್ಯೆ ಮೂರು ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅಸಲಿ. ಮೇಲಂಚಿನಲ್ಲಿ ಒಂದೇ ಚುಕ್ಕೆ ಇದ್ದರೆ ವೇಷಧಾರಿ. ಮೊಬೈಲಿನಲ್ಲಿ ಫೋಟೋ ತೆಗೆಯುವವರು ಹಿಂದಿನ ರೆಕ್ಕೆ ಕಾಣುವಂತೆ ತೆಗೆಯಿರಿ. ಜೊತೆಗೆ ಊರು, ತಾರೀಖು ಬರೆದಿಡಿ.